ಜೋಡಿ ಕ್ವೇಸಾರ್: ಫೋಟೋ ಅಲ್ಲ, ಮಿಣುಕು ನೋಡಿ

ಕ್ವೇಸಾರ್ ಅಂದರೆ ಬಹುದೂರದ ಗ್ಯಾಲಕ್ಸಿಯೊಂದರ ಪ್ರಖರವಾಗಿ ಹೊಳೆಯುವ ನಡುಭಾಗ. ಗುರುತ್ವ ಬೆಳಕನ್ನು ಬಾಗಿಸುತ್ತದೆ, ಅದರಿಂದ ಒಂದೇ ಕ್ವೇಸಾರ್ ಎರಡಾಗಿ ಕಾಣುತ್ತದೆ. ಹೀಗೆಂದವರು ಕೂಡಲೇ ಒಂದು ಫೋಟೋ ತೆಗೆದು ತೋರಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಅಷ್ಟಕ್ಕೇ ತಲೆಯಾಡಿಸಬೇಡಿ ಅನ್ನುತ್ತೇನೆ ನಾನು.

1979ರಲ್ಲಿ ಅರಿಜೋನಾದ ಕಿಟ್ ಪೀಕ್ ವೀಕ್ಷಣಾಲಯದಲ್ಲಿ ಖಗೋಳ ವಿಜ್ಞಾನಿಗಳಾದ ಡೆನಿಸ್ ವಾಲ್ಶ್ ಮತ್ತು ರಾಬರ್ಟ್ ಕಾರ್ಸ್‌ವೆಲ್ ಎರಡು ಚುಕ್ಕೆಗಳ ಸ್ಪೆಕ್ಟ್ರಮ್ ತೆಗೆದರು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಆ ಚುಕ್ಕೆಗಳನ್ನು ಎ, ಬಿ ಅನ್ನೋಣ. ಚುಕ್ಕೆಗಳ ನಡುವೆ ಬರೀ 6 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಅಂತರ. ಎರಡರಲ್ಲೂ ಅವೇ ಗೆರೆಗಳು, ಅದೇ 1.4ರ ರೆಡ್‌ಶಿಫ್ಟ್ (ಬೆಳಕು ಕೆಂಪಿನತ್ತ ಎಷ್ಟು ಸರಿದಿದೆ ಅನ್ನುವ ಅಳತೆ; ದೂರ ಹೆಚ್ಚಿದಷ್ಟೂ ಇದು ಹೆಚ್ಚು). ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ.

ಸರಿ, ಪಕ್ಕಪಕ್ಕದಲ್ಲಿರುವ ಎರಡು ಬೇರೆ ಕ್ವೇಸಾರ್ ಯಾಕಾಗಬಾರದು? ಅಂಥ ನಿಜವಾದ ಜೋಡಿಗಳೂ ಆಕಾಶದಲ್ಲಿವೆ. ಮಾರನೇ ವರ್ಷ ಮಧ್ಯದಲ್ಲೊಂದು ಗ್ಯಾಲಕ್ಸಿ ಸಿಕ್ಕಿತು. ಅದರ ರೆಡ್‌ಶಿಫ್ಟ್ 0.36. ಅಂದರೆ ಕ್ವೇಸಾರ್‌ಗಿಂತ ಎಷ್ಟೋ ಈಚೆಗೆ. ಬೆಳಕನ್ನು ಬಾಗಿಸುವ ಗುರುತ್ವ ಇದರದ್ದೇ ಅಂದುಕೊಂಡರು. ಬಹಳ ಜನಕ್ಕೆ ಅಷ್ಟು ಸಾಕಾಯಿತು. ನನ್ನಂಥ ಮೊಂಡರಿಗೆ ಸಾಲದು.

ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ಅಂದರೆ ಮಿಣುಕು. ಕ್ವೇಸಾರ್‌ನ ಬೆಳಕು ಏರಿಳಿಯುತ್ತಲೇ ಇರುತ್ತದೆ. ಎರಡು ದಾರಿ ಹಿಡಿದ ಬೆಳಕು ಒಂದೇ ಹೊತ್ತಿಗೆ ಬಂದು ಮುಟ್ಟುವುದಿಲ್ಲ. ದಾರಿಯ ಉದ್ದ ಬೇರೆ, ಗ್ಯಾಲಕ್ಸಿಯ ಗುರುತ್ವದಲ್ಲಿ ಆಗುವ ತಡವೂ ಬೇರೆ. ಹಾಗಾಗಿ ಎ ಚುಕ್ಕೆಯಲ್ಲಿ ಆದದ್ದು ಆಮೇಲೆ ಬಿ ಚುಕ್ಕೆಯಲ್ಲೂ ಆಗಲೇಬೇಕು, ಅಲ್ವಾ? ಎಷ್ಟು ದಿನದ ಮೇಲೆ? ಇಲ್ಲೇ ಜಗಳ ಹತ್ತಿದ್ದು. ಕೆಲವರು ಸುಮಾರು 415 ದಿನ ಅಂದರು, ಇನ್ನು ಕೆಲವರು 540 ಅಂದರು. ವರ್ಷಗಟ್ಟಲೆ ಎಳೆದಾಡಿದರು.

1994ರ ಡಿಸೆಂಬರ್‌ನಲ್ಲಿ ಎ ಚುಕ್ಕೆ ಇದ್ದಕ್ಕಿದ್ದಂತೆ ಮಂಕಾಯಿತು. ಖಗೋಳ ವಿಜ್ಞಾನಿ ಟೊಮಿಸ್ಲಾವ್ ಕುಂದಿಚ್ ಅವರ ತಂಡ ಮೊದಲೇ ಹೇಳಿಬಿಟ್ಟಿತು: 415 ಸರಿಯಾದರೆ 1996ರ ಫೆಬ್ರವರಿಯಲ್ಲಿ ಬಿ ಮಂಕಾಗಬೇಕು, 540 ಸರಿಯಾದರೆ ಜೂನ್ ತನಕ ಕಾಯಬೇಕು. ಹೀಗೆ ಮುಂಚೆಯೇ ಹೇಳಿ ತಲೆ ಒಡ್ಡಿ ನಿಲ್ಲುವ ವಿಜ್ಞಾನ ನನಗೆ ಜಾಸ್ತಿ ಇಷ್ಟ. ಫೆಬ್ರವರಿಯಲ್ಲೇ ಮಂಕಾಯಿತು! ಪೂರ್ತಿ ಲೆಕ್ಕಕ್ಕೆ ಬಂದದ್ದು 417 ದಿನ, ಮೂರು ದಿನ ಆಚೀಚೆ. ಸುಮ್ನೆ ಕಾಕತಾಳೀಯ ಅಂತ ಇದನ್ನು ತಳ್ಳಿಹಾಕುವುದು ಹೇಗೆ, ಹೇಳಿ.

ಇನ್ನೊಂದು ಆಕ್ಷೇಪ ಇದೆ. 1985ರಲ್ಲಿ ಜಾನ್ ಹುಕ್ರಾ ತಂಡಕ್ಕೆ ಸಿಕ್ಕ ಐನ್‌ಸ್ಟೈನ್ ಕ್ರಾಸ್‌ನಲ್ಲಿ ಒಂದೇ ಕ್ವೇಸಾರ್‌ನ ನಾಲ್ಕು ಚುಕ್ಕೆಗಳಿವೆ. ಕೆಲವೊಮ್ಮೆ ಅವುಗಳಲ್ಲಿ ಒಂದು ಮಾತ್ರ ಹೊಳಪೇರುತ್ತದೆ, ಉಳಿದ ಮೂರು ತೆಪ್ಪಗಿರುತ್ತವೆ. ಹಾಗಾದರೆ ವಾದ ಬಿದ್ದುಹೋಯಿತೇ? ಇಲ್ಲ. ಅಲ್ಲಿ ಚುಕ್ಕೆ ಚುಕ್ಕೆಗಳ ನಡುವಿನ ತಡ ಒಂದು ದಿನದಷ್ಟೂ ಇರಲಿಕ್ಕಿಲ್ಲ. ಬದಲಾದದ್ದು ಕ್ವೇಸಾರೇ ಆಗಿದ್ದರೆ ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಏರಬೇಕಿತ್ತು. ಏರಲಿಲ್ಲ ಅಂದರೆ, ಮುಂದಿರುವ ಗ್ಯಾಲಕ್ಸಿಯ ಯಾವುದೋ ನಕ್ಷತ್ರ ಆ ಒಂದು ಚುಕ್ಕೆಯ ಬೆಳಕಿನ ದಾರಿಗೆ ಅಡ್ಡ ಹಾದು, ತಾನೇ ಪುಟ್ಟ ಲೆನ್ಸ್ ಆಗಿದೆ.