ಫೋರ್ಕಿನೊಳಗಿನ ಎರಡು ಚಮಚ ಎಣ್ಣೆ

ಕೇಳುಗರೇ, ನಮಸ್ಕಾರ.

ಸೈಕಲ್ಲಿನ ಚೈನು ಒಣಗಿದರೆ ಕಿರ್ರೆಂದು ಕೂಗುತ್ತದೆ. ಬ್ರೇಕು ಸವೆದರೆ ಕರಕರ ಅನ್ನುತ್ತದೆ. ಆದರೆ ಮೌಂಟನ್ ಬೈಕಿನ ಮುಂಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ಫೋರ್ಕ್ ಬಾಯೇ ಬಿಡುವುದಿಲ್ಲ. ಒಳಗೆ ಎಣ್ಣೆ ಆರಿ, ಮಣ್ಣು ಸೇರಿ ಉಜ್ಜಾಟ ಶುರುವಾಗಿದ್ದರೂ ಹೊರಗಡೆ ಥಳಥಳ ಹೊಳೆಯುತ್ತಲೇ ಇರುತ್ತದೆ. ಅದು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯಾಗುವುದರಿಂದ ಓಡಿಸುವವರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಗಡಿಯಾರ ನೋಡಿಯೇ ಇದರ ಆರೈಕೆ ಮಾಡಬೇಕು.

ರಚನೆ ಕಷ್ಟದ್ದೇನಲ್ಲ. ಮೇಲೆ ನುಣುಪಾದ ಎರಡು ಕೊಳವೆ, ಅವಕ್ಕೆ ಸ್ಟ್ಯಾನ್ಷನ್ ಎಂದು ಹೆಸರು. ಕೆಳಗೆ ಚಕ್ರ ಹಿಡಿದಿರುವ ಎರಡು ಕಾಲು, ಒಳ್ಳೆಯ ಫೋರ್ಕುಗಳಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಂ ಎರಕ. ಕಲ್ಲು, ಗುಂಡಿ ಬಂದಾಗ ಕೆಳಗಿನ ಕಾಲುಗಳು ಮೇಲಿನ ಕೊಳವೆಗಳ ಮೇಲೆ ಜಾರುತ್ತವೆ. ಇವು ಕೂಡುವ ಬಾಯಲ್ಲಿ ದೂಳು ತಡೆಯುವ ರಬ್ಬರ್ ಸೀಲ್ ಇದೆ. ಸೀಲಿನ ಕೆಳಗೆ ಎಣ್ಣೆ ಹೀರಿಕೊಂಡ ಸ್ಪಂಜಿನ ಉಂಗುರ, ಅದರ ಕೆಳಗೆ ಕೊಳವೆ ಜಾರುವ ಬಳೆಯಂಥ ಬುಷ್. ಇಷ್ಟಕ್ಕೂ ನುಣುಪು ಕೊಡುವ ಎಣ್ಣೆ ಕಾಲಿನ ತಳದಲ್ಲಿರುತ್ತದೆ. ಹಲವು ಫೋರ್ಕುಗಳಲ್ಲಿ ಅದು ಒಂದು ಕಾಲಿಗೆ 10 ಎಂ.ಎಲ್. ಆಸುಪಾಸು, ಅಂದರೆ ಎರಡು ಟೀ ಚಮಚ. ಇಷ್ಟು ಕಡಿಮೆ ಎಣ್ಣೆ ಬೇಗ ಕೊಳೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಪ್ರತಿ ಸವಾರಿಯ ನಂತರದ ಕೆಲಸ. ಬಕೆಟ್ ನೀರು, ಮೆತ್ತನೆಯ ಬ್ರಷ್, ಒಣಬಟ್ಟೆ ಸಾಕು. ಜೋರಾಗಿ ನೀರು ಚಿಮ್ಮಿಸುವ ಪ್ರೆಷರ್ ವಾಷರ್ ಮಾತ್ರ ಬೇಡವೇ ಬೇಡ. ಅದು ಕೊಳೆಯನ್ನು ತೊಳೆಯುವುದಕ್ಕಿಂತ ಹೆಚ್ಚಾಗಿ ಸೀಲಿನೊಳಕ್ಕೆ ನೂಕುತ್ತದೆ. ಒರೆಸಿದ ಮೇಲೆ ಹ್ಯಾಂಡಲ್ ಹಿಡಿದು ಫೋರ್ಕನ್ನು ನಾಲ್ಕಾರು ಸಲ ಅದುಮಿ ಬಿಡಿ. ಸೀಲಿನ ಅಂಚಿನಿಂದ ಸಣ್ಣದೊಂದು ಕಪ್ಪು ಗೆರೆ ಸ್ಟ್ಯಾನ್ಷನ್ ಮೇಲೆ ಉಂಗುರದಂತೆ ಮೂಡುತ್ತದೆ. ಅದನ್ನು ಒರೆಸಿ ಮತ್ತೆ ಅದುಮಿ. ಗೆರೆ ಮೂಡದಿದ್ದರೆ ಆ ದಿನಕ್ಕೆ ಮುಗಿಯಿತು. ಆಗಲೇ ಕೊಳವೆಯ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಅದು ಸೀಲನ್ನು ಕೊರೆಯುತ್ತಾ ಹೋಗುತ್ತದೆ, ಎಣ್ಣೆಯೂ ಅಲ್ಲಿಂದಲೇ ಸೋರುತ್ತದೆ. ಹೊಳಪಿಗೆಂದು ಸಿಕ್ಕ ಸ್ಪ್ರೇ ಹೊಡೆಯುವವರಿದ್ದಾರೆ. ತುಕ್ಕು ಬಿಡಿಸುವ ಸ್ಪ್ರೇ ಸೀಲಿನಡಿಯ ಗ್ರೀಸನ್ನೇ ತೊಳೆದುಬಿಡಬಹುದು. ಅದರ ಹನಿ ಡಿಸ್ಕ್ ಬ್ರೇಕಿಗೆ ತಾಗಿದರಂತೂ ಬ್ರೇಕೇ ಹಿಡಿಯುವುದಿಲ್ಲ.

ಇನ್ನು ದೊಡ್ಡ ಕೆಲಸ, ಕೆಳಗಿನ ಕಾಲುಗಳನ್ನು ಬಿಚ್ಚಿ ಎಣ್ಣೆ ಬದಲಿಸುವುದು. ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ಇದನ್ನು 50 ಗಂಟೆ ಸವಾರಿಗೊಮ್ಮೆ ಮಾಡಿ ಅನ್ನುತ್ತದೆ. ಕೆಸರಿನಲ್ಲೇ ಓಡಿಸುವವರು ಅಷ್ಟು ದಿನವೂ ಕಾಯಬಾರದು. ನಿಮ್ಮ ಫೋರ್ಕಿನ ಮಾದರಿಗೆ ಯಾವ ಎಣ್ಣೆ, ಯಾವ ಕಾಲಿಗೆ ಎಷ್ಟು ಎಂಬುದು ಕೈಪಿಡಿಯಲ್ಲಿರುತ್ತದೆ. ಎರಡು ಕಾಲಿಗೆ ಬೇರೆ ಬೇರೆ ಅಳತೆ ಇರುವುದೂ ಉಂಟು. ಇಲ್ಲಿ ಅಂದಾಜು ನಡೆಯುವುದಿಲ್ಲ.

ಲೋಹದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಫೋರ್ಕಾದರೆ, ಅದಕ್ಕೆಂದೇ ಇರುವ ಶಾಕ್ ಪಂಪಿನಿಂದ ಒತ್ತಡ ಎಷ್ಟಿದೆ ನೋಡಿ ಬರೆದಿಟ್ಟುಕೊಳ್ಳಿ, ಆಮೇಲೆ ಗಾಳಿಯನ್ನೆಲ್ಲ ಬಿಡಿ. ಒಳಗೆ ಗಾಳಿ ಇರುವಾಗ ಬಿಚ್ಚಲು ಹೋದರೆ ಭಾಗಗಳು ಸಿಡಿದು ಗಾಯವಾಗುತ್ತದೆ. ಚಕ್ರ, ಬ್ರೇಕ್ ಕ್ಯಾಲಿಪರ್ ತೆಗೆದು ದೂರ ಇಡಿ. ಕಾಲುಗಳ ತಳದಲ್ಲಿ ಒಂದೊಂದು ಬೋಲ್ಟ್ ಇರುತ್ತದೆ, ಕೆಲವು ಫೋರ್ಕುಗಳಲ್ಲಿ ನಟ್. ಅದುಮಿದ ಫೋರ್ಕ್ ಎಷ್ಟು ಬೇಗ ಮೇಲೇಳಬೇಕೆಂದು ಹೊಂದಿಸುವ ರೀಬೌಂಡ್ ಗುಬುಟು ಅಡ್ಡ ಬಂದರೆ ಅದನ್ನು ಮೊದಲೇ ಎಳೆದು ತೆಗೆಯಿರಿ. ಈಗ ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ, ಮೂರು ನಾಲ್ಕು ಸುತ್ತು ಸಡಿಲಿಸಿ ಅದರ ತಲೆಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಒಳಗಿನ ದಂಡ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಆಮೇಲೆ ಕೆಳಗೆ ತಟ್ಟೆ ಇಟ್ಟು ಬೋಲ್ಟ್ ತೆಗೆದು, ಕಾಲುಗಳೆರಡನ್ನೂ ಕೆಳಕ್ಕೆ ಎಳೆಯಿರಿ. ತಟ್ಟೆಗೆ ಬೀಳುವ ಎಣ್ಣೆಯನ್ನು ಒಮ್ಮೆ ನೋಡಿ. ಹಾಕುವಾಗ ತಿಳಿಯಾಗಿದ್ದದ್ದು ಬೂದುಬಣ್ಣಕ್ಕೆ ತಿರುಗಿರುತ್ತದೆ, ಕೆಲವೊಮ್ಮೆ ಏನೂ ಬೀಳುವುದೇ ಇಲ್ಲ. ಎರಡನೆಯದೇ ಹೆಚ್ಚು ಚಿಂತೆಯ ವಿಷಯ.

ಒಳಗನ್ನು ಉದ್ದ ಕಡ್ಡಿಗೆ ನಾರು ಬಿಡದ ಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒರೆಸಿ. ಬಟ್ಟೆ ಬೆಳ್ಳಗೆ ಹೊರಬರುವವರೆಗೂ ಬಿಡಬೇಡಿ. ಜನ ಮರೆಯುವುದು ಸ್ಪಂಜಿನ ಉಂಗುರವನ್ನು. ಅದನ್ನು ಬೆರಳಲ್ಲಿ ಎಬ್ಬಿಸಿ ತೆಗೆದು, ಹಿಂಡಿ ತೊಳೆದು ಒಣಗಿಸಿ, ಹೊಸ ಎಣ್ಣೆಯಲ್ಲಿ ನೆನೆಸಿ ಕೂರಿಸಿ. ಕೊಳಕು ಸ್ಪಂಜಿನ ಮೇಲೆ ಹೊಸ ಎಣ್ಣೆ ಸುರಿದರೆ ಕೆಲಸ ಅರ್ಧವೇ ಆದಂತೆ. ಸೀಲಿನ ಒಳ ಅಂಚಿಗೆ ತೆಳುವಾಗಿ ಸಸ್ಪೆನ್ಷನ್ ಗ್ರೀಸ್ ಸವರಿ. ಜೋಡಿಸುವಾಗ ಆ ಅಂಚು ಮಡಚಿಕೊಳ್ಳದಂತೆ ನಿಧಾನವಾಗಿ ಏರಿಸಬೇಕು, ಇಲ್ಲಿ ಅವಸರ ಮಾಡಿದರೆ ಸೀಲು ಹಾಳು. ಕಾಲುಗಳು ಅರ್ಧ ಏರಿದಾಗ ಸೈಕಲ್ಲನ್ನು ಓರೆ ಮಾಡಿ, ತಳದ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಡಿ. ಪೂರ್ತಿ ಏರಿಸಿ, ಹೊಸ ವಾಷರ್ ಹಾಕಿ, ಕೈಪಿಡಿ ಹೇಳಿದಷ್ಟೇ ಬಿಗಿ ಟಾರ್ಕ್ ರೆಂಚಿನಲ್ಲಿ ಕೊಡಿ. ಬರೆದಿಟ್ಟ ಒತ್ತಡಕ್ಕೆ ಗಾಳಿ ತುಂಬುವಾಗ ಮಧ್ಯೆ ಮಧ್ಯೆ ಫೋರ್ಕನ್ನು ಅದುಮಿದರೆ ಒಳಗಿನ ಎರಡೂ ಕೋಣೆಗಳಿಗೆ ಗಾಳಿ ಸಮನಾಗಿ ಹೋಗುತ್ತದೆ.

ಇಷ್ಟರಲ್ಲಿ ಕೈ ಪಳಗಿತು, ಫೋರ್ಕ್ ಕುಪ್ಪಳಿಸದಂತೆ ತಡೆಯುವ ಒಳಭಾಗವಾದ ಡ್ಯಾಂಪರನ್ನೂ ಬಿಚ್ಚೋಣ ಅನ್ನಿಸಬಹುದು. ಬೇಡ. ಅದಕ್ಕೆ ಬೇರೆಯದೇ ಸಲಕರಣೆ ಬೇಕು, ಒಳಗೆ ಗಾಳಿಗುಳ್ಳೆ ಉಳಿದರೂ ಫೋರ್ಕ್ ಹಿಡಿತ ತಪ್ಪುತ್ತದೆ. ಅದನ್ನು ಮೆಕ್ಯಾನಿಕ್ಕಿಗೇ ಬಿಡಿ.

ಮೊದಲ ಸವಾರಿ ಮುಗಿದ ಮೇಲೆ ಸ್ಟ್ಯಾನ್ಷನ್ ಮೇಲೆ ತೆಳ್ಳನೆಯ ಎಣ್ಣೆಯ ಪದರ ಕಂಡರೆ ಗಾಬರಿ ಬೇಡ, ಅದು ಹೊಸ ಗ್ರೀಸು. ತಳದ ಬೋಲ್ಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಮಾತ್ರ ವಾಷರ್ ಸರಿ ಕೂತಿಲ್ಲ, ಮತ್ತೊಮ್ಮೆ ಬಿಚ್ಚಬೇಕು. ಆ ಎಣ್ಣೆ ಬ್ರೇಕ್ ಡಿಸ್ಕಿನ ಕಡೆ ಹರಿದಿದೆಯೇ ಎಂದು ನೋಡದೆ ಸೈಕಲ್ ಹತ್ತಬೇಡಿ.