ಡಾಲ್ಸ್ಟನ್ನಿನ ನೆಲಮಾಳಿಗೆಯಿಂದ

ಕೇಳುಗರಿಗೆ ನಮಸ್ಕಾರ.

ಪೂರ್ವ ಲಂಡನ್ನಿನ ಡಾಲ್ಸ್ಟನ್ ಬಡಾವಣೆ. ಅಲ್ಲಿನ ವೋಗ್ ಫ್ಯಾಬ್ರಿಕ್ಸ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ 2014ರಲ್ಲಿ ‘ಲವರ್‌ಬಾಯ್’ ಹೆಸರಿನ ಕುಣಿತದ ರಾತ್ರಿಗಳು ಶುರುವಾದವು. ನಡೆಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋದ ಫ್ಯಾಷನ್ ವಿನ್ಯಾಸಕ ಚಾರ್ಲ್ಸ್ ಜೆಫ್ರಿ, ಆಗಿನ್ನೂ ಲಂಡನ್ನಿನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಲಾ ಕಾಲೇಜಿನ ವಿದ್ಯಾರ್ಥಿ. ಕ್ಲಬ್ಬಿನಲ್ಲಿ ಬಂದ ಹಣ ಓದಿನ ಖರ್ಚಿಗೆ ಒದಗಿತು. ಕ್ವಿಯರ್, ಅಂದರೆ ಲೈಂಗಿಕ ಅಲ್ಪಸಂಖ್ಯಾತ ಗೆಳೆಯರು ಕೈಗೆ ಸಿಕ್ಕ ಬಟ್ಟೆ, ಬಣ್ಣಗಳಿಂದ ಸಿಂಗರಿಸಿಕೊಂಡು ಬರುತ್ತಿದ್ದರು. ಮುಂದೆ ಲವರ್‌ಬಾಯ್ ಎಂಬುದೇ ಜೆಫ್ರಿಯ ಉಡುಪು ಸಂಸ್ಥೆಯ ಹೆಸರೂ ಆಯಿತು, ಅದರ ಫ್ಯಾಷನ್ ಷೋಗಳಿಗೂ ಅವರೇ ಜೀವ ತುಂಬಿದರು.

ಬಟ್ಟೆಯ ಗುಣ ಗೊತ್ತಾಗುವುದು ಕುಣಿತದಲ್ಲೇ. ಕೈ ಮೇಲೆತ್ತಿದ ಕೂಡಲೇ ಕೋಟು ಪೂರ್ತಿ ಮೇಲೇಳುತ್ತಿದೆಯೇ? ತೋಳಿನ ಕಂಡಿ ತೀರ ಕೆಳಗಿದೆ ಎಂದರ್ಥ. ಅದನ್ನು ಕಂಕುಳಿಗೆ ಹತ್ತಿರ ತರಬೇಕು, ಇಲ್ಲವೇ ಕಂಕುಳಲ್ಲಿ ಒಂದು ಚೌಕದ ತುಂಡು ಕೂಡಿಸಬೇಕು. ಅಕ್ರಿಲಿಕ್ ಬಣ್ಣವನ್ನು ದಪ್ಪಗೆ ಬಳಿದರೆ ಮೊಣಕೈ ಮಡಿಚುವಲ್ಲೇ ಬಿರುಕು ಬಿಡುತ್ತದೆ. ಬಟ್ಟೆಯ ಮೇಲೆ ಬಳಿಯುವ ಬಣ್ಣಕ್ಕೆಂದೇ ಸಿಗುವ ದ್ರವ (ಫ್ಯಾಬ್ರಿಕ್ ಮೀಡಿಯಂ) ಬೆರೆಸಿ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಹಿಂಬದಿಯಿಂದ ಹಬೆಯಿಲ್ಲದೆ ಇಸ್ತ್ರಿ ಹಾಕಬೇಕು.

ಜೆಫ್ರಿಯ ಕೈಯಲ್ಲಿ ಸ್ಕಾಟ್ಲೆಂಡಿನ ಚೌಕಳಿ ಬಟ್ಟೆಯೂ ಅಲ್ಲಿನ ಗಂಡಸರು ಉಡುವ ನೆರಿಗೆಯ ಲಂಗವಾದ ಕಿಲ್ಟೂ ಮತ್ತೆ ಮತ್ತೆ ಬರುತ್ತವೆ. ಕಿಲ್ಟು ಸುಲಭದ ಹೊಲಿಗೆಯಲ್ಲ. ಸಾಂಪ್ರದಾಯಿಕ ಕಿಲ್ಟಿಗೆ 8 ಗಜ, ಅಂದರೆ 7.3 ಮೀಟರ್ ಉಣ್ಣೆ ಬಟ್ಟೆ ಬೇಕು. ಹಿಂಭಾಗದ ನೆರಿಗೆಗಳನ್ನು ಹಿಡಿಯುವಾಗ ಚೌಕಳಿ ಮುರಿಯಕೂಡದು. ನೆರಿಗೆಗೆ 2 ಮಿಲಿಮೀಟರ್ ತಪ್ಪಿದರೂ 25 ನೆರಿಗೆಗಳಾಗುವಷ್ಟರಲ್ಲಿ ಸೊಂಟದ ಅಳತೆ 5 ಸೆಂಟಿಮೀಟರ್ ಹೆಚ್ಚುಕಡಿಮೆ! ಸೀರೆ ನೆರಿಗೆಯಾದರೆ ಬಿಚ್ಚಿ ಮತ್ತೆ ಹಿಡಿಯಬಹುದು, ಇಲ್ಲಿ ಹೊಲಿಗೆಯನ್ನೇ ಬಿಚ್ಚಬೇಕು.

2015ರಲ್ಲಿ ಎಂ.ಎ. ಮುಗಿಯಿತು. 2017ರಲ್ಲಿ ಬ್ರಿಟಿಷ್ ಫ್ಯಾಷನ್ ಪ್ರಶಸ್ತಿ, ಪುರುಷರ ಉಡುಪಿನ ಉದಯೋನ್ಮುಖ ವಿನ್ಯಾಸಕನೆಂದು. ನಿಜವಾದ ಕಷ್ಟ ಇಂಥ ಚಪ್ಪಾಳೆಯ ಬೆನ್ನಿಗೇ ಬರುತ್ತದೆ. ಕ್ಲಬ್ಬಿಗೆ ಒಂದೇ ಅಂಗಿ ಸಾಕು, ಅಂಗಡಿಗೆ ಅದೇ ಅಂಗಿ ಐದಾರು ಅಳತೆಗಳಲ್ಲಿ ಬೇಕು. ಬಟ್ಟೆಗೂ ಹೊಲಿಗೆಗೂ ದುಡ್ಡು ಮೊದಲೇ ಸುರಿಯಬೇಕು, ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ಮಾಲು ತಲುಪಿದ ಮೇಲೆ, ಎಷ್ಟೋ ಸಲ ತಿಂಗಳೆರಡು ತಿಂಗಳು ಕಳೆದು. ಈ ನಡುವಿನ ಅವಧಿಯನ್ನು ದಾಟಲಾಗದೆ ಪ್ರತಿಭಾವಂತರ ಎಷ್ಟೋ ಸಣ್ಣ ಸಂಸ್ಥೆಗಳು ಮುಚ್ಚಿಹೋಗಿವೆ. ಅದಕ್ಕೇ ಲವರ್‌ಬಾಯ್ ಸಂಸ್ಥೆ ಮಾರುವ, ಪ್ರಾಣಿಯಂಥ ಕಿವಿಯಿರುವ ಹೆಣೆದ ಟೋಪಿ ನನಗೆ ಬಹಳ ಜಾಣ ಕೆಲಸವಾಗಿ ಕಾಣುತ್ತದೆ. ನೂಲು ಕಡಿಮೆ, ಹಿಗ್ಗುವುದರಿಂದ ಅಳತೆಯ ತಾಪತ್ರಯವಿಲ್ಲ. ಷೋನ ಕೋಟು ಕೊಳ್ಳಲಾಗದ ಹುಡುಗನೂ ಅದನ್ನು ತಲೆಗೇರಿಸಿಕೊಂಡು ರಾತ್ರಿ ಕುಣಿಯಲು ಹೋಗಬಹುದು.