ಐಟಿಐ ವರ್ಕ್‌ಶಾಪಿಗೆ ಗೋಕುಲ ರಸ್ತೆಯ ಫೋರ್‌ಮನ್ ಬರಲಿ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ತಯಾರಿಸುವ ಮಾಲಕರನ್ನು ಮಾತಾಡಿಸಿ ನೋಡಿ. ಚಹಾ ಬರೋದರೊಳಗೆ ಈ ಮಾತು ಬಂದಿರುತ್ತದೆ: "ಹುಡುಗ ಛಲೋ ಅದಾನ್ರೀ, ಆದ್ರ ಡ್ರಾಯಿಂಗ್ ಕೈಯಾಗ ಕೊಟ್ರ ನನ್ನ ಮುಖ ನೋಡ್ತಾನ." ಅತ್ತ ಐಟಿಐ ಮುಗಿಸಿದ ಹುಡುಗನನ್ನು ಕೇಳಿ. "ಎಲ್ಲಾ ಕಡೆ ಎಕ್ಸ್‌ಪೀರಿಯನ್ಸ್ ಕೇಳ್ತಾರ್ರೀ, ಕೆಲಸನ ಕೊಡ್ಲಿಲ್ಲಂದ್ರ ಅದನ್ನ ಎಲ್ಲಿಂದ ತರೋದು?" ಇಬ್ಬರೂ ಹೇಳೋದು ಖರೆ. ತಪ್ಪು ಇಬ್ಬರ ನಡುವೆ ಎಲ್ಲೋ ಇದೆ.

ಫಿಟ್ಟರ್ ಟ್ರೇಡಿನ ಹುಡುಗ ಮೊದಲ ವರ್ಷ ಏನು ಮಾಡುತ್ತಾನೆ? ಕಬ್ಬಿಣದ ಪಟ್ಟಿಯನ್ನು ವೈಸ್‌ಗೆ ಕಟ್ಟಿ ಫೈಲಿಂಗ್ ಮಾಡುತ್ತಾನೆ. ವರ್ನಿಯರ್ ಹಿಡಿದು 0.02 ಮಿಲಿಮೀಟರ್‌ವರೆಗೆ ಅಳೆಯುತ್ತಾನೆ. ಕೈ ಪಳಗಬೇಕಾದರೆ ಇದು ಬೇಕೇ ಬೇಕು, ಯಾರು ಏನೇ ಹೇಳಲಿ. ಆದರೆ ಆ ಅಳತೆ ಯಾಕೆ ಅನ್ನೋದು ಅವನಿಗೆ ಗೊತ್ತಾಗೋದು ವಾಲ್ವ್ ಟೆಸ್ಟಿಂಗ್ ನಡೆಯುವ ಜಾಗದಲ್ಲಿ. ಅಲ್ಲಿ ವಾಲ್ವಿನ ಬಾಡಿಯೊಳಗೆ ನೀರು ತುಂಬಿ, ಅದು ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಡುತ್ತಾರೆ. ಗೇಜಿನ ಮುಳ್ಳು ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ವಾಲ್ವ್ ಮುಚ್ಚಿ, ಸೀಟಿನ ಹತ್ತಿರ, ಅಂದರೆ ಅದು ಮುಚ್ಚಿ ಕೂರುವ ಜಾಗದಲ್ಲಿ, ನೀರು ಜಿನುಗುತ್ತದಾ ಅಂತ ನೋಡುತ್ತಾರೆ. ಸೀಟನ್ನು ಸರಿಯಾಗಿ ಉಜ್ಜಿ ನುಣುಪು ಮಾಡಿರದಿದ್ದರೆ ಬೆವರಿನ ಹಾಗೆ ಹನಿ ಮೂಡುತ್ತದೆ. ಪೀಸ್ ವಾಪಸ್! ಇದನ್ನು ಎದುರಿಗೆ ನಿಂತು ನೋಡಿದ ಹುಡುಗ ಮರುದಿನ ವರ್ನಿಯರ್ ಹಿಡಿಯುವ ರೀತಿಯೇ ಬೇರೆ ಇರುತ್ತದೆ.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಾ? ರಿಜೆಕ್ಟ್ ಆದ ಹತ್ತಿಪ್ಪತ್ತು ಕಾಸ್ಟಿಂಗ್‌ಗಳನ್ನು, ಅಂದರೆ ಎರಕದ ಪೀಸುಗಳನ್ನು, ಗುಜರಿಗೆ ಹಾಕುವ ಮೊದಲು ಹತ್ತಿರದ ಐಟಿಐಗೆ ಕಳಿಸಿದರೂ ಸಾಕು. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಆಗುವ ತೂತು, ಅಂದರೆ ಬ್ಲೋ ಹೋಲ್ ಹೇಗಿರುತ್ತದೆ, ಯಾವ ಪೀಸನ್ನು ಯಾಕೆ ಬೇಡ ಅಂದರು ಅಂತ ಹುಡುಗರು ಕೈಯಲ್ಲಿ ಹಿಡಿದು ನೋಡಲಿ. ಜೊತೆಗೆ ಅದನ್ನು ರಿಜೆಕ್ಟ್ ಮಾಡಿದ ಫೋರ್‌ಮನ್ ತಿಂಗಳಿಗೆರಡು ಸಲ ಬಂದು ಪಾಠ ಮಾಡಲಿ.

ಕೈಗಾರಿಕೆಯವರನ್ನು ಸೇರಿಸಿಕೊಳ್ಳಬೇಕು ಅನ್ನೋದು ಹೊಸ ಮಾತಲ್ಲ. ಕಾರ್ಖಾನೆಯಲ್ಲೇ ದುಡಿಯುತ್ತಾ ಕಲಿಯುವವರಿಗಾಗಿ ಅಪ್ರೆಂಟಿಸ್ ಕಾಯ್ದೆ ಬಂದಿದ್ದೇ 1961ರಲ್ಲಿ. 2007-08ರಲ್ಲಿ ಕೇಂದ್ರ ಸರ್ಕಾರ ದೇಶದ 1,396 ಸರ್ಕಾರಿ ಐಟಿಐಗಳಿಗೆ ಒಂದೊಂದು ಆಡಳಿತ ಸಮಿತಿ ಮಾಡಿ, ಅದರ ಅಧ್ಯಕ್ಷತೆಯನ್ನು ಕೈಗಾರಿಕೆಯವರಿಗೇ ಕೊಟ್ಟಿತು. ಜೊತೆಗೆ ಒಂದೊಂದು ಐಟಿಐಗೆ 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. ನಮ್ಮ ರಾಜ್ಯದ 150 ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಹೊಸ ಯಂತ್ರಗಳು ಬಂದು, 2022ರ ಜೂನ್‌ನಲ್ಲಿ ಉದ್ಘಾಟನೆಯೂ ಆಯಿತು. ಒಳ್ಳೇದೇ. ಆದರೆ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದ ನಿಜವಾದ ಖರ್ಚು ಶುರುವಾಗೋದು ಅದನ್ನು ತಂದ ಮೇಲೆ. ಟೂಲ್ ಸವೆಯುತ್ತದೆ, ಮಟೀರಿಯಲ್ ಬೇಕು, ಕಲಿಸುವವರಿಗೆ ಮೊದಲು ಕಲಿಸಬೇಕು. ಇನ್ನು ಸಮಿತಿಯ ಮೀಟಿಂಗಿಗೆ ಕಂಪನಿಯಿಂದ ಬರೋರು ಯಾರು? ಹೆಚ್ಚಾಗಿ ಎಚ್‌ಆರ್‌ನವರು. ಲೇತ್ ಮುಂದೆ ನಿಲ್ಲುವವರಿಗೆ ಅಲ್ಲಿ ಕುರ್ಚಿ ಇರೋದಿಲ್ಲ. ನನ್ನ ತಕರಾರು ಇರೋದೇ ಇಲ್ಲಿ.

ಇನ್ನೊಂದು ವಿಷಯ. ಕೈಗಾರಿಕೆ ಅಂದ ಕೂಡಲೇ ನಮ್ಮ ಕಣ್ಣು ಧಾರವಾಡದ ಹತ್ತಿರದ ಬೇಲೂರಿನ ದೊಡ್ಡ ಕಾರ್ಖಾನೆಗಳ ಕಡೆ ಹೋಗುತ್ತದೆ. ಗೋಕುಲ ರಸ್ತೆ, ತಾರಿಹಾಳ, ಲಕಮನಹಳ್ಳಿಯ ಸಣ್ಣ ಶೆಡ್‌ಗಳನ್ನು ಯಾರು ಕೇಳುತ್ತಾರೆ? 2019ರ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳೋದು ಕಡ್ಡಾಯ. ನಾಲ್ಕು ಜನ ಇರುವ ವರ್ಕ್‌ಶಾಪ್ ಕೂಡ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. ದೊಡ್ಡ ಫ್ಯಾಕ್ಟರಿಯಲ್ಲಿ ಹುಡುಗ ಒಂದೇ ಸ್ಟೇಷನ್‌ನಲ್ಲಿ ನಿಂತು ಅದೇ ನಟ್ ಬಿಗಿಯುತ್ತಾ ಇರಬಹುದು. ಸಣ್ಣ ಶೆಡ್‌ನಲ್ಲಿ ಬೆಳಿಗ್ಗೆ ಟರ್ನಿಂಗ್, ಮಧ್ಯಾಹ್ನ ಡ್ರಿಲ್ಲಿಂಗ್, ಸಂಜೆ ಪಾರ್ಟಿ ಜೊತೆ ಫೋನಿನಲ್ಲಿ ಜಗಳ. ಕಲಿಯೋದಕ್ಕೆ ಯಾವುದು ಮೇಲು, ನೀವೇ ಹೇಳಿ.

ಬ್ಯಾಡಗಿಗೆ ಬನ್ನಿ. ಮೆಣಸಿನಕಾಯಿ ಸುಗ್ಗಿ ಮುಗಿದರೂ ಅಲ್ಲಿನ ಕೋಲ್ಡ್ ಸ್ಟೋರೇಜ್‌ಗಳ ಕೆಲಸ ಮುಗಿಯೋದಿಲ್ಲ. ಐಟಿಐಯಲ್ಲಿ ರೆಫ್ರಿಜರೇಷನ್ ಟ್ರೇಡ್ ಇದೆ, ಆದರೆ ಹುಡುಗನ ಕೈಗೆ ಜಾಸ್ತಿ ಸಿಗೋದು ಮನೆಯ ಫ್ರಿಜ್ಜು, ಎಸಿ. ದೊಡ್ಡ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಬಳಸುವ ಅಮೋನಿಯಾದ ಲೆಕ್ಕವೇ ಬೇರೆ. ಸೋರಿದರೆ ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ. ಯಾವ ವಾಲ್ವ್ ಮೊದಲು ಮುಚ್ಚಬೇಕು, ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಂಡು ಎತ್ತ ಓಡಬೇಕು ಅನ್ನೋದನ್ನು ಅಲ್ಲಿನ ಆಪರೇಟರ್‌ಗಿಂತ ಚೆನ್ನಾಗಿ ಹೇಳಿಕೊಡುವವರು ಯಾರಿದ್ದಾರೆ? ಹಾವೇರಿ ಜಿಲ್ಲೆಯ ಐಟಿಐಗಳು ಈ ಒಂದು ಪಾಠವನ್ನು ಬ್ಯಾಡಗಿಯಲ್ಲೇ ನಡೆಸಬೇಕು. ಗದಗ ಕಡೆಯ ಗಾಳಿಯಂತ್ರಗಳ ಮಾತೂ ಅಷ್ಟೇ. ಎಲೆಕ್ಟ್ರಿಷಿಯನ್ ಓದಿದವನಿಗೆ ಬೆಲ್ಟ್ ಕಟ್ಟಿಕೊಂಡು ಎತ್ತರಕ್ಕೆ ಹತ್ತಿ ಕೆಲಸ ಮಾಡೋದನ್ನು ಕಲಿಸಬೇಕಾದವರು ಆ ಕಂಪನಿಯವರೇ.

ಹಾಗಂತ ಇಡೀ ಪಠ್ಯವನ್ನೇ ಕಂಪನಿಗಳ ಕೈಗೆ ಕೊಟ್ಟುಬಿಡಿ ಅಂತ ನಾನು ಹೇಳೋದಿಲ್ಲ. ಕಂಪನಿಗೆ ಬೇಕಾದದ್ದು ಇವತ್ತಿನ ಯಂತ್ರ ನಡೆಸುವ ಕೈ. ಹುಡುಗನ ಮುಂದೆ ಮೂವತ್ತು-ನಲವತ್ತು ವರ್ಷದ ದುಡಿಮೆ ಇದೆ. ಲೆಕ್ಕ, ಡ್ರಾಯಿಂಗ್, ಲೋಹದ ಗುಣ, ಸುರಕ್ಷತೆ ಇವು ಐಟಿಐ ಹತ್ತಿರವೇ ಇರಲಿ. ಪ್ರಾಕ್ಟಿಕಲ್ ಜಾಬ್ ಯಾವುದು ಅಂತ ಆರಿಸುವಾಗ, ಪರೀಕ್ಷೆಯಲ್ಲಿ ಆ ಜಾಬ್ ನೋಡುವಾಗ ಫೋರ್‌ಮನ್ ಪಕ್ಕದಲ್ಲಿ ಕೂರಲಿ. ಸರ್ಕಾರದ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡುವವರು ಮೂರು ವರ್ಷ ಅಲ್ಲೇ ಕಲಿತು, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಆ ಹದ ನನಗೆ ಸರಿ ಕಾಣುತ್ತದೆ.

ಬಸ್ಸಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ನಗಬೇಡಿ. ಕಾರ್ಖಾನೆಯ ಮೊದಲ ಶಿಫ್ಟ್ ಶುರುವಾಗುವ ಹೊತ್ತಿಗೆ ಎಷ್ಟೋ ಹಳ್ಳಿಗಳಿಂದ ಮೊದಲ ಬಸ್ಸೇ ಹೊರಟಿರೋದಿಲ್ಲ. ಹೆಣ್ಣುಮಕ್ಕಳು ಇದರಿಂದಲೇ ಹಿಂದೆ ಸರಿಯುತ್ತಾರೆ. ತರಬೇತಿಯ ವೇಳಾಪಟ್ಟಿ ಮಾಡುವವರು ಸಾರಿಗೆ ಡಿಪೊದವರನ್ನೂ ಒಂದು ಸಲ ಕರೆಸಿ ಕೂರಿಸಿಕೊಳ್ಳಲಿ.

ಕೊನೆಗೆ, ಈ ಸಲ ಮಕ್ಕಳನ್ನು ಐಟಿಐಗೆ ಸೇರಿಸುವ ತಂದೆ-ತಾಯಿಗಳಿಗೆ. ಪ್ರಿನ್ಸಿಪಾಲರನ್ನು ಧೈರ್ಯವಾಗಿ ಕೇಳಿ: ನಿಮ್ಮಲ್ಲಿ ಡ್ಯುಯಲ್ ಸಿಸ್ಟಂ, ಅಂದರೆ ಸ್ವಲ್ಪ ಐಟಿಐಯಲ್ಲಿ, ಸ್ವಲ್ಪ ಕಾರ್ಖಾನೆಯಲ್ಲಿ ಕಲಿಸುವ ಪದ್ಧತಿ ಇದೆಯಾ, ಯಾವ ಕಾರ್ಖಾನೆ ಜೊತೆ ಒಪ್ಪಂದ ಆಗಿದೆ, ಎಷ್ಟು ತಿಂಗಳು ಅಲ್ಲಿ ಕಲಿಸುತ್ತೀರಿ? ಮುಂದೆ ಅಪ್ರೆಂಟಿಸ್ ಅಂತ ಯಾರಾದರೂ ಕರೆದರೆ, ಬರೀ ಬಾಯಿಮಾತಿನಲ್ಲಿ "ನಾಳೆಯಿಂದ ಬಾ" ಅಂದದ್ದು ಲೆಕ್ಕಕ್ಕಿಲ್ಲ. ಕರಾರು ಬರವಣಿಗೆಯಲ್ಲಿ ಇರಬೇಕು, ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಮಗನಿಗೆ ಅಥವಾ ಮಗಳಿಗೆ 18 ತುಂಬಿರದಿದ್ದರೆ ಪಾಲಕರ ಸಹಿಯೂ ಬೇಕು. ಟ್ರೇಡ್ ಹೆಸರು, ಅವಧಿ, ಸ್ಟೈಪೆಂಡ್ ಎಷ್ಟು ಅಂತ ಓದಿ ನೋಡಿ, ಆಮೇಲೆ ಸಹಿ ಹಾಕಿ. ನಮಸ್ಕಾರ.